ಮನೆಯಲ್ಲೇ ಏರ್ ರೈಫಲ್ ಅಭ್ಯಾಸ: 10 ಮೀಟರ್ ಜಾಗವಿದ್ದರೆ ಸಾಕೇ? ಪಿಸಿಪಿ ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಅಹಮದಾಬಾದ್: 2022ರಲ್ಲಿ ಗುಜರಾತ್ 36ನೇ ರಾಷ್ಟ್ರೀಯ ಕ್ರೀಡಾಕೂಟದ ಆತಿಥ್ಯ ವಹಿಸಿದಾಗ ಶೂಟಿಂಗ್ ಸ್ಪರ್ಧೆಗಳು ನಡೆದದ್ದು ಅಹಮದಾಬಾದ್‌ನಲ್ಲಿ. ಮಹಿಳೆಯರ 10 ಮೀಟರ್ ಏರ್ ರೈಫಲ್ ಚಿನ್ನ ಆತಿಥೇಯ ರಾಜ್ಯದ ಇಳವೆನಿಲ್ ವಳರಿವನ್ ಪಾಲಾಯಿತು. ಬೆಳ್ಳಿ ಗೆದ್ದವರು ಕರ್ನಾಟಕದ ಹದಿಹರೆಯದ ಹುಡುಗಿ ತಿಲೋತ್ತಮಾ ಸೇನ್. ಇಳವೆನಿಲ್ ಹುಟ್ಟಿದ್ದು ತಮಿಳುನಾಡಿನ ಕಡಲೂರಿನಲ್ಲಾದರೂ ಬೆಳೆದದ್ದು, ರೈಫಲ್ ಹಿಡಿದದ್ದು ಅಹಮದಾಬಾದ್‌ನಲ್ಲಿ. ಮುಂದೆ ಅವರು ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳೆರಡರಲ್ಲೂ ದೇಶವನ್ನು ಪ್ರತಿನಿಧಿಸಿದರು. ಪ್ಯಾರಿಸ್‌ನಲ್ಲಿ 630.7 ಅಂಕ ಗಳಿಸಿ 10ನೇ ಸ್ಥಾನ ಪಡೆದರು. ಫೈನಲ್‌ಗೆ ಹೋಗುವುದು ಮೊದಲ 8 ಮಂದಿ ಮಾತ್ರ.

ಇಂಥ ಸುದ್ದಿ ಓದಿದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ರೇಂಜ್ ಊರಿನ ಇನ್ನೊಂದು ತುದಿಯಲ್ಲಿದೆ. ಶಾಲೆ, ಟ್ಯೂಷನ್, ಟ್ರಾಫಿಕ್ ನಡುವೆ ದಿನವೂ ಹೋಗಿಬರಲು ಆಗದು. ಹಾಗಾದರೆ ಒಂದು ಪಿಸಿಪಿ ಏರ್ ರೈಫಲ್ ಕೊಂಡು ಮನೆಯಲ್ಲೇ ಅಭ್ಯಾಸ ಮಾಡಬಹುದೇ?

ಮಾಡಬಹುದು. ಅಭಿನವ್ ಬಿಂದ್ರಾ ಅವರಿಗೆ ಅವರ ತಂದೆ ಮನೆಯಲ್ಲೇ ರೇಂಜ್ ಕಟ್ಟಿಸಿಕೊಟ್ಟಿದ್ದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ಗೆದ್ದ ಚಿನ್ನ ಇದೇ 10 ಮೀಟರ್ ಏರ್ ರೈಫಲ್‌ನದು. ಆದರೆ ಬಿಂದ್ರಾ ಅವರಿಗೆ ಸಿಕ್ಕಿದ್ದು ಅದಕ್ಕೆಂದೇ ಕಟ್ಟಿದ ರೇಂಜ್. ಅಹಮದಾಬಾದ್, ವಡೋದರಾ, ಸೂರತ್‌ನ ಫ್ಲ್ಯಾಟ್‌ಗಳಲ್ಲಿ ಸಿಗುವುದು ಹಾಲ್ ಮತ್ತು ಪ್ಯಾಸೇಜ್. ಆ ಜಾಗವನ್ನು ರೇಂಜ್ ಎನ್ನಬೇಕಾದರೆ ಉದ್ದವೊಂದಿದ್ದರೆ ಸಾಲದು. ಕಾನೂನು, ಗಾಳಿಯ ಒತ್ತಡ ಮತ್ತು ಗುರಿಯ ಹಿಂದಿನ ಗೋಡೆ ಈ ಮೂರೂ ಸರಿಯಿರಬೇಕು. ಪೂರ್ತಿ ವಿವರ ಇಲ್ಲಿದೆ.

ಒಂದೇ ನೋಟದಲ್ಲಿ

* 4.5 ಮಿ.ಮೀ. ನಳಿಕೆಯ, 20 ಜೌಲ್ ಮೀರದ ಏರ್ ರೈಫಲ್‌ಗೆ ಶಸ್ತ್ರಾಸ್ತ್ರ ಪರವಾನಗಿ ಬೇಕಿಲ್ಲ. ಇದರಲ್ಲಿ ಒಂದು ಮಿತಿ ದಾಟಿದರೂ ಪರವಾನಗಿ ಬೇಕು.
* ಸ್ಪರ್ಧೆಯ ಅಂತರ 10 ಮೀಟರ್. ಶೂಟರ್ ನಿಲ್ಲಲು ಮತ್ತು ಟ್ರ್ಯಾಪ್ ಇಡಲು ಜಾಗ ಸೇರಿ ಸುಮಾರು 12 ಮೀಟರ್ ಬೇಕು.
* ಟಾರ್ಗೆಟ್ ಹಿಂದೆ ಕಿಟಕಿ, ಬಾಗಿಲು, ಗ್ಯಾಸ್ ಪೈಪ್ ಇರಬಾರದು. ತಾರಸಿಯಲ್ಲಿ ಬಯಲಿನತ್ತ ಹೊಡೆಯಬಾರದು.
* ಸಿಲಿಂಡರ್‌ಗೆ ಶುದ್ಧ, ಒಣ ಗಾಳಿ ಮಾತ್ರ. ಆಮ್ಲಜನಕ ಮತ್ತು ಸಾಮಾನ್ಯ ಎಣ್ಣೆ ಎರಡೂ ಅಪಾಯಕಾರಿ.
* ಮನೆಯ ಅಭ್ಯಾಸದ ಹೆಚ್ಚು ಪಾಲು ಗುಂಡಿಲ್ಲದೆಯೇ ನಡೆಯಬಹುದು, ನಡೆಯಬೇಕು.

ಏನಿದು ಪಿಸಿಪಿ?

ಜಾತ್ರೆಯಲ್ಲಿ ಬಲೂನ್ ಒಡೆಯುವ ಹಳೆಯ ಏರ್‌ಗನ್‌ನಲ್ಲಿ ಸ್ಪ್ರಿಂಗ್ ಇರುತ್ತದೆ. ನಳಿಕೆ ಮಡಚಿದಾಗ ಸ್ಪ್ರಿಂಗ್ ಬಿಗಿಯಾಗುತ್ತದೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ಆ ಕ್ಷಣದಲ್ಲಿ ಗಾಳಿಯನ್ನು ಒತ್ತುತ್ತದೆ. ಪೆಲೆಟ್ ಇನ್ನೂ ನಳಿಕೆಯಲ್ಲಿರುವಾಗಲೇ ಭಾರದ ಪಿಸ್ಟನ್ ಓಡುವುದರಿಂದ ಇಡೀ ಬಂದೂಕು ಅಲುಗುತ್ತದೆ.

ಪಿಸಿಪಿಯಲ್ಲಿ ಗಾಳಿಯನ್ನು ಮೊದಲೇ ಸಿಲಿಂಡರ್‌ನಲ್ಲಿ ತುಂಬಿಸಿಟ್ಟಿರುತ್ತಾರೆ. ಟ್ರಿಗರ್ ಎಳೆದಾಗ ಪುಟ್ಟ ಸುತ್ತಿಗೆಯೊಂದು ವಾಲ್ವ್‌ಗೆ ತಟ್ಟುತ್ತದೆ. ಅಳತೆಯಷ್ಟು ಗಾಳಿ ಹೊರಬಂದು ಪೆಲೆಟ್ ಅನ್ನು ತಳ್ಳುತ್ತದೆ. ರೆಗ್ಯುಲೇಟರ್ ಇದ್ದರೆ ಸಿಲಿಂಡರ್‌ನಲ್ಲಿ ಒತ್ತಡ ಇಳಿಯುತ್ತಾ ಹೋದರೂ ಪ್ರತಿ ಹೊಡೆತಕ್ಕೂ ಸಿಗುವ ಗಾಳಿ ಒಂದೇ ಅಳತೆಯಲ್ಲಿರುತ್ತದೆ. ಹಿಂದಕ್ಕೆ ಒದೆಯುವುದು ತೀರಾ ಕಡಿಮೆ. ತಪ್ಪಾದರೆ ಅದು ಶೂಟರ್‌ನದೇ ತಪ್ಪು ಎಂದು ಗೊತ್ತಾಗುವಷ್ಟು ನಿಖರ. ಹಾಗಾಗಿಯೇ ಇಂದು ಅಂತರರಾಷ್ಟ್ರೀಯ 10 ಮೀಟರ್ ಸ್ಪರ್ಧೆಗಳಲ್ಲಿ ಬಳಕೆಯಾಗುವುದು ಈ ಬಗೆಯ ರೈಫಲ್‌ಗಳು.

ಸ್ಪರ್ಧೆಯ ರೈಫಲ್‌ನ ತೂಕ 5.5 ಕೆ.ಜಿ. ಮೀರುವಂತಿಲ್ಲ. ಪೆಲೆಟ್‌ನ ವ್ಯಾಸ 4.5 ಮಿ.ಮೀ. ಅರ್ಹತಾ ಸುತ್ತಿನಲ್ಲಿ 75 ನಿಮಿಷಗಳೊಳಗೆ 60 ಹೊಡೆತ. ಒಂದು ಹೊಡೆತಕ್ಕೆ ಗರಿಷ್ಠ 10.9 ಅಂಕ. ಟಾರ್ಗೆಟ್‌ನ ನಟ್ಟನಡುವಿನ 10ರ ಚುಕ್ಕೆಯ ವ್ಯಾಸ ಬರೀ 0.5 ಮಿ.ಮೀ. ವಿದೇಶಿ ಸ್ಪರ್ಧಾ ರೈಫಲ್‌ಗಳ ಬೆಲೆ 2 ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ದೇಶದಲ್ಲೇ ತಯಾರಾಗುವ ಪಿಸಿಪಿಗಳು ಇದಕ್ಕಿಂತ ಸಾಕಷ್ಟು ಅಗ್ಗ. ಮನೆಯಲ್ಲಿ ಅಭ್ಯಾಸ ಶುರು ಮಾಡುವವರು ಹೆಚ್ಚಾಗಿ ಕೊಳ್ಳುವುದು ಇವನ್ನೇ.

20 ಜೌಲ್ ಎಂಬ ಗೆರೆ

ಏರ್‌ಗನ್‌ನಲ್ಲಿ ಮದ್ದಿಲ್ಲ, ಹಾಗಾಗಿ ಕಾನೂನಿನ ಗೊಡವೆಯೂ ಇಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆಯು ಬಂದೂಕನ್ನು ವ್ಯಾಖ್ಯಾನಿಸುವಾಗ ಸ್ಫೋಟಕದ ಜೊತೆಗೆ ‘ಇತರ ಬಗೆಯ ಶಕ್ತಿ’ಯಿಂದ ಗುಂಡು ಹಾರಿಸುವ ಸಾಧನಗಳನ್ನೂ ಸೇರಿಸಿಕೊಂಡಿದೆ. ಒತ್ತಿದ ಗಾಳಿಯೂ ಅಂಥದ್ದೇ ಶಕ್ತಿ.

2016ರ ಶಸ್ತ್ರಾಸ್ತ್ರ ನಿಯಮಗಳು ಇಲ್ಲಿ ಗೆರೆ ಎಳೆದಿವೆ. ನಳಿಕೆಯ ಅಳತೆ 4.5 ಮಿ.ಮೀ. ಅಂದರೆ 0.177 ಇಂಚು ಮೀರದೆ, ಹೊಡೆತದ ಶಕ್ತಿ 20 ಜೌಲ್ ಮೀರದೆ ಇದ್ದರೆ ಪರವಾನಗಿ ಬೇಡ. ಮಾರಾಟಗಾರರು ಗುರುತಿನ ಮತ್ತು ವಿಳಾಸದ ದಾಖಲೆ ಪಡೆಯುತ್ತಾರೆ. 5.5 ಮಿ.ಮೀ. ಅಂದರೆ 0.22 ಇಂಚಿನ ಏರ್ ರೈಫಲ್‌ಗೆ ಶಕ್ತಿ ಎಷ್ಟೇ ಕಡಿಮೆ ಇದ್ದರೂ ಪರವಾನಗಿ ಬೇಕು. ಇದು ಕೇಂದ್ರದ ಕಾನೂನು. ಸೂರತ್‌ಗೂ ಹುಬ್ಬಳ್ಳಿಗೂ ಒಂದೇ.

ಸ್ಪರ್ಧೆಯ ರೈಫಲ್ ಈ ಗೆರೆಯ ಹತ್ತಿರವೂ ಬರುವುದಿಲ್ಲ. 0.53 ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ ಸುಮಾರು 172 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಹೆಚ್ಚುಕಡಿಮೆ 7.8 ಜೌಲ್. ಕಾಗದಕ್ಕೆ ದುಂಡನೆಯ ತೂತು ಮಾಡಲು ಇಷ್ಟು ಧಾರಾಳ ಸಾಕು. ಅಂದರೆ ಗುರಿ ಅಭ್ಯಾಸಕ್ಕಾಗಿ ‘ಪವರ್ ಜಾಸ್ತಿ’ ಇರುವ ರೈಫಲ್ ಹುಡುಕುವ ಅಗತ್ಯವೇ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ. ಪಿಸಿಪಿಯಲ್ಲಿ ಪೆಲೆಟ್ ಭಾರವಾದಷ್ಟೂ ಸಾಮಾನ್ಯವಾಗಿ ಹೊಡೆತದ ಶಕ್ತಿ ಏರುತ್ತದೆ. ಉದಾಹರಣೆಗೆ, 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 260 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ 17.9 ಜೌಲ್. ಅದೇ ರೈಫಲ್‌ನಲ್ಲಿ 0.67 ಗ್ರಾಂ ಪೆಲೆಟ್ 245 ಮೀಟರ್ ವೇಗ ಪಡೆದರೆ ಶಕ್ತಿ 20.1 ಜೌಲ್. ಪೆಲೆಟ್ ಡಬ್ಬಿ ಬದಲಿಸಿದ್ದಕ್ಕೇ ಗೆರೆ ದಾಟಿದಂತಾಯಿತು. ರೆಗ್ಯುಲೇಟರ್ ತಿರುಗಿಸಿ, ಸ್ಪ್ರಿಂಗ್ ಬದಲಿಸಿ ‘ಟ್ಯೂನಿಂಗ್’ ಮಾಡಿಸುವವರು ನೆನಪಿಡಬೇಕಾದ ಮಾತಿದು. ಮಿತಿ ಮೀರಿದ ರೈಫಲ್ ಅನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ಶಸ್ತ್ರಾಸ್ತ್ರ ಕಾಯ್ದೆಯ 25ನೇ ಸೆಕ್ಷನ್ ಅಡಿ ಶಿಕ್ಷಾರ್ಹ. ಕೊಳ್ಳುವಾಗ ಬಿಲ್ ಮತ್ತು ಶಕ್ತಿಯ ಪ್ರಮಾಣ ನಮೂದಿಸಿದ ಕಾಗದ ಕೇಳಿ ಪಡೆಯಿರಿ. ವೇಗ ಅಳೆಯುವ ಕ್ರೋನೋಗ್ರಾಫ್ ಸಿಕ್ಕರೆ ಬಳಸುವ ಪೆಲೆಟ್‌ನಲ್ಲೇ ಅಳೆದು ನೋಡಿ.

ಮನೆಯಿಂದ ಹೊರಗೆ ಒಯ್ಯುವಾಗಲೂ ಎಚ್ಚರ ಬೇಕು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಪೊಲೀಸ್ ಕಮಿಷನರೇಟ್ ನಗರಗಳು. ಸಾರ್ವಜನಿಕ ಸ್ಥಳದಲ್ಲಿ ಆಯುಧ ಹಿಡಿದು ಓಡಾಡುವುದನ್ನು ನಿಷೇಧಿಸಿ ಗುಜರಾತ್ ಪೊಲೀಸ್ ಕಾಯ್ದೆಯಡಿ ಆಗಾಗ ಪ್ರಕಟಣೆ ಹೊರಬೀಳುತ್ತದೆ. ರಸ್ತೆಯಲ್ಲಿ ನೋಡುವವರಿಗೆ ಏರ್ ರೈಫಲ್‌ಗೂ ನಿಜವಾದ ಬಂದೂಕಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಪೆಲೆಟ್ ತೆಗೆದು, ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಬಿಲ್ ಮತ್ತು ಕ್ಲಬ್ ಕಾರ್ಡ್‌ನ ಪ್ರತಿ ಜೊತೆಗಿಟ್ಟುಕೊಂಡು ಒಯ್ಯುವುದು ಕ್ಷೇಮ. ರಜೆಯಲ್ಲಿ ವಿಮಾನದಲ್ಲಿ ಊರಿಗೆ ಬರುವ ಕನ್ನಡ ಕುಟುಂಬಗಳು ರೈಫಲ್ ತರುವುದಾದರೆ ವಿಮಾನಯಾನ ಸಂಸ್ಥೆಗೆ ಮೊದಲೇ ತಿಳಿಸಬೇಕು. ಸಿಲಿಂಡರ್ ಪೂರ್ತಿ ಖಾಲಿಯಿರಬೇಕು.

ಮೂರು ನಗರ, ಹಲವು ಬಗೆಯ ಮನೆ

ಮನೆಯ ರಚನೆಯೇ ಅಭ್ಯಾಸದ ಸ್ವರೂಪವನ್ನು ತೀರ್ಮಾನಿಸುತ್ತದೆ.

ಅಹಮದಾಬಾದ್‌ನ ಹಳೆಯ ಕೋಟೆ ಪ್ರದೇಶ 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಅಲ್ಲಿ ಮನೆಗಳಿರುವುದು ‘ಪೋಳ್’ ಎಂಬ ಕಿರುದಾರಿಯ ವಠಾರಗಳಲ್ಲಿ. ಗೋಡೆಗೆ ಗೋಡೆ ತಾಗಿರುತ್ತದೆ, ತಾರಸಿಯಿಂದ ತಾರಸಿಗೆ ದಾಟಬಹುದು. ಪೋಳ್‌ಗಳ ನಡುವೆ ಹಕ್ಕಿಗಳಿಗೆ ಕಾಳು ಹಾಕುವ ‘ಚಬೂತರೊ’ ಕಂಬಗಳಿವೆ. ಜನವರಿ 14 ಮತ್ತು 15ರ ಉತ್ತರಾಯಣಕ್ಕೆ ಇಡೀ ಊರೇ ಗಾಳಿಪಟ ಹಿಡಿದು ತಾರಸಿ ಏರುತ್ತದೆ. ಇಂಥ ಕಡೆ ತಾರಸಿ ಖಾಲಿಯಿದೆ ಎಂದು ಭಾವಿಸಿ ಟಾರ್ಗೆಟ್ ಕಟ್ಟುವುದು ದೊಡ್ಡ ತಪ್ಪು. ಗುರಿ ತಪ್ಪಿದ ಪೆಲೆಟ್ ನೂರಾರು ಮೀಟರ್ ದೂರ ಹೋಗಬಲ್ಲದು. ಎದುರು ತಾರಸಿಯಲ್ಲಿ ಬಟ್ಟೆ ಒಣಹಾಕಲು ಯಾವಾಗ ಯಾರು ಬರುತ್ತಾರೆಂದು ಹೇಳಲಾಗದು.

ವಡೋದರಾದ ಬಡಾವಣೆಗಳಲ್ಲಿ ‘ಟೆನೆಮೆಂಟ್’ ಎಂದು ಕರೆಯುವ ಸಾಲುಮನೆಗಳು ಮತ್ತು ಬಂಗಲೆಗಳು ಸಾಕಷ್ಟಿವೆ. ಮುಂಬಾಗಿಲಿನಿಂದ ಹಿತ್ತಿಲವರೆಗೆ ನೇರ ಉದ್ದ ಸಿಗುವ ಸಾಧ್ಯತೆ ಇಲ್ಲಿ ಹೆಚ್ಚು. ಆದರೆ ಆ ಸಾಲಿನ ನಡುವೆ ತೆರೆದುಕೊಳ್ಳುವ ಅಡುಗೆಮನೆ, ಬಚ್ಚಲಮನೆ ಬಾಗಿಲುಗಳೇ ಸಮಸ್ಯೆ. ಅಭ್ಯಾಸದ ಹೊತ್ತಿನಲ್ಲಿ ಆ ಬಾಗಿಲುಗಳಿಗೆ ಟಾರ್ಗೆಟ್ ಕಡೆಯಿಂದ ಯಾರೂ ಹೊರಬರದಂತೆ ಚಿಲಕ ಹಾಕಲೇಬೇಕು.

ಸೂರತ್‌ನಲ್ಲಿ ಬಹುಮಹಡಿ ಫ್ಲ್ಯಾಟ್‌ಗಳದ್ದೇ ಕಾರುಬಾರು. 10 ಮೀಟರ್ ನೇರ ಉದ್ದ ಸಿಗುವುದು ಅಪರೂಪ. ಹಾಗೆಂದು ಸೊಸೈಟಿಯ ಕಾಮನ್ ಪ್ಯಾಸೇಜ್, ಪಾರ್ಕಿಂಗ್ ಜಾಗ ಬಳಸುವಂತಿಲ್ಲ. ಅದು ಎಲ್ಲರೂ ಓಡಾಡುವ ಜಾಗ. ಇತರರ ಪ್ರಾಣಕ್ಕೆ ಅಪಾಯ ತರುವ ನಿರ್ಲಕ್ಷ್ಯದ ಕೃತ್ಯ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್ ಅಡಿ ಅಪರಾಧ. ಫ್ಲ್ಯಾಟ್‌ನ ಒಳಗೇ ಅಭ್ಯಾಸ ಮಾಡಿದರೂ ಸೊಸೈಟಿ ಸಮಿತಿಗೂ ಅಕ್ಕಪಕ್ಕದವರಿಗೂ ಮೊದಲೇ ಹೇಳಿಟ್ಟರೆ, ಸದ್ದು ಕೇಳಿ ಯಾರಾದರೂ ಪೊಲೀಸರಿಗೆ ಕರೆ ಮಾಡುವ ಪ್ರಸಂಗ ಬರುವುದಿಲ್ಲ.

ಗುರಿಯ ಹಿಂದೆ ಏನಿದೆ?

ಮನೆ ರೇಂಜ್‌ನಲ್ಲಿ ಮೊದಲು ನೋಡಬೇಕಾದದ್ದು ಟಾರ್ಗೆಟ್ ಅಲ್ಲ, ಅದರ ಹಿಂದಿನ ಗೋಡೆ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಾಗಿರಬೇಕು. ಪ್ಲೈವುಡ್, ಜಿಪ್ಸಂ ಪಾರ್ಟಿಷನ್, ಬಾಗಿಲು ಲೆಕ್ಕಕ್ಕಿಲ್ಲ. ಈ ಮೂರೂ ನಗರಗಳ ಬಹಳಷ್ಟು ಮನೆಗಳಿಗೆ ಅಡುಗೆ ಅನಿಲ ಪೈಪ್‌ನಲ್ಲೇ ಬರುತ್ತದೆ. ಆ ಪೈಪ್, ಮೀಟರ್, ಸ್ವಿಚ್‌ಬೋರ್ಡ್ ಇರುವ ಗೋಡೆಯನ್ನು ಆರಿಸಬಾರದು.

ಗೋಡೆಯ ಮುಂದೆ ಪೆಲೆಟ್ ಟ್ರ್ಯಾಪ್ ಬೇಕು. ಒಳಗೆ ಇಳಿಜಾರಾಗಿ ಕೂರಿಸಿದ ಉಕ್ಕಿನ ತಗಡು ಪೆಲೆಟ್ ಅನ್ನು ಕೆಳಕ್ಕೆ ತಿರುಗಿಸಿ ಡಬ್ಬಿಯೊಳಗೇ ಬೀಳಿಸುತ್ತದೆ. ನೆಟ್ಟಗೆ ನಿಲ್ಲಿಸಿದ ಗಟ್ಟಿ ತಗಡಿಗೆ ಹೊಡೆದರೆ ಸೀಸದ ಚೂರುಗಳು ಹಿಂದಕ್ಕೆ ಚಿಮ್ಮುತ್ತವೆ. ಆದ್ದರಿಂದ ಟ್ರ್ಯಾಪ್ ಎಷ್ಟೇ ಚೆನ್ನಾಗಿದ್ದರೂ ಶೂಟರ್ ಮತ್ತು ನೋಡುವವರು ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಬೇಕು. ಚರ್ಮದ ಗಾಯ ಮಾಯಬಹುದು, ಕಣ್ಣಿಗೆ ಬಿದ್ದ ಪೆಲೆಟ್ ದೃಷ್ಟಿಯನ್ನೇ ಕಸಿಯಬಹುದು. 7.8 ಜೌಲ್ ಕಾನೂನಿನ ಲೆಕ್ಕದಲ್ಲಿ ಸಣ್ಣದು, ಕಣ್ಣಿನ ಲೆಕ್ಕದಲ್ಲಿ ಅಲ್ಲ. ಟ್ರ್ಯಾಪ್ ಸುತ್ತ, ಮೇಲೆ ಕೆಳಗೆ ದಪ್ಪ ಮರದ ಹಲಗೆ ಅಥವಾ ರಬ್ಬರ್ ಶೀಟ್ ಕೊಟ್ಟರೆ ಡಬ್ಬಿ ತಪ್ಪಿದ ಪೆಲೆಟ್‌ಗೂ ತಡೆ ಸಿಗುತ್ತದೆ.

ನಿಯಮದ ಪ್ರಕಾರ 10 ಮೀಟರ್ ಟಾರ್ಗೆಟ್‌ನ ನಡುಬಿಂದು ನೆಲದಿಂದ 1.40 ಮೀಟರ್ ಎತ್ತರದಲ್ಲಿರಬೇಕು. ಟಾರ್ಗೆಟ್ ಮೇಲೆ ಕನಿಷ್ಠ 1,500 ಲಕ್ಸ್ ಬೆಳಕು ಬೀಳಬೇಕು. ಮನೆಯ ಸಾಮಾನ್ಯ ಟ್ಯೂಬ್‌ಲೈಟ್ ಇಷ್ಟು ಬೆಳಕು ಕೊಡುವುದಿಲ್ಲ. ಟಾರ್ಗೆಟ್‌ಗೆ ಮಾತ್ರ ಬೆಳಕು ಬೀಳುವಂತೆ ಪ್ರತ್ಯೇಕ ಎಲ್‌ಇಡಿ ಹಾಕಿಸುವುದು ವಾಸಿ.

5 ಮೀಟರ್‌ನ 10 ನಿಜವಾದ 10 ಅಲ್ಲ

10 ಮೀಟರ್ ಸಿಗದವರು 5 ಮೀಟರ್‌ನಲ್ಲಿ ಅರ್ಧ ಅಳತೆಯ ಟಾರ್ಗೆಟ್ ಬಳಸುತ್ತಾರೆ. 10 ಮೀಟರ್ ಟಾರ್ಗೆಟ್‌ನ ಕಪ್ಪು ವೃತ್ತದ ವ್ಯಾಸ 30.5 ಮಿ.ಮೀ. ಅದನ್ನು 15.25 ಮಿ.ಮೀ.ಗೆ ಇಳಿಸಿ ಮುದ್ರಿಸಿಕೊಂಡರೆ ಕಣ್ಣಿಗೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಗುರಿ ಹಿಡಿಯುವ ಅಭ್ಯಾಸಕ್ಕೆ ಇದು ಸರಿ. ಅಂಕ ಎಣಿಸಲು ಮಾತ್ರ ಸರಿಯಲ್ಲ.

ಕಾರಣ ಸರಳ. ಟಾರ್ಗೆಟ್ ಅರ್ಧವಾಯಿತು, ಪೆಲೆಟ್ ಅರ್ಧವಾಗಲಿಲ್ಲ. ಪೆಲೆಟ್‌ನ ಅಂಚು ಗೆರೆಗೆ ತಾಗಿದರೂ ಆ ಅಂಕ ಸಿಗುವುದು ಆಟದ ನಿಯಮ. 10 ಮೀಟರ್‌ನಲ್ಲಿ 10 ಅಂಕ ಸಿಗಬೇಕಾದರೆ ಪೆಲೆಟ್‌ನ ಕೇಂದ್ರ ನಡುಬಿಂದುವಿನಿಂದ 2.5 ಮಿ.ಮೀ. ಒಳಗಿರಬೇಕು. 5 ಮೀಟರ್‌ನ ಅರ್ಧ ಟಾರ್ಗೆಟ್‌ನಲ್ಲಿ 2.375 ಮಿ.ಮೀ. ದೂರವಿದ್ದರೂ 10 ಸಿಕ್ಕಿಬಿಡುತ್ತದೆ. ಆ ತಪ್ಪನ್ನೇ 10 ಮೀಟರ್‌ಗೆ ಹಿಗ್ಗಿಸಿದರೆ 4.75 ಮಿ.ಮೀ. ಆಗುತ್ತದೆ. ಅಲ್ಲಿ ಅದಕ್ಕೆ ಸಿಗುವುದು 9.1 ಅಂಕ.

ಮನೆಯಲ್ಲಿ ಸಾಲು ಸಾಲಾಗಿ 10 ಹೊಡೆದ ಮಗು ಕ್ಲಬ್‌ಗೆ ಹೋದ ದಿನ 9ಕ್ಕೆ ಇಳಿದರೆ ಗಾಬರಿ ಬೇಡ. ಆಟ ಕೆಟ್ಟಿಲ್ಲ, ಕಾಗದ ಸುಳ್ಳು ಹೇಳಿತ್ತು ಅಷ್ಟೇ. ಮನೆಯಲ್ಲಿ ಅಂಕದ ಬದಲು ಪೆಲೆಟ್‌ಗಳು ಎಷ್ಟು ಒತ್ತೊತ್ತಾಗಿ ಒಂದೇ ಕಡೆ ಬಿದ್ದಿವೆ ಎಂಬುದನ್ನು ನೋಡಬೇಕು. ಅಂತರ ಬದಲಾದಾಗ ಸೈಟ್‌ನ ಹೊಂದಾಣಿಕೆಯೂ ಬದಲಾಗುತ್ತದೆ. 5 ಮೀಟರ್‌ಗೆ ತಿರುಗಿಸಿದ ಕ್ಲಿಕ್‌ಗಳನ್ನು ಬರೆದಿಟ್ಟುಕೊಂಡರೆ ರೇಂಜ್‌ನಲ್ಲಿ ಮರಳಿ ಹೊಂದಿಸುವುದು ಸುಲಭ.

200 ಬಾರ್ ಎಂದರೆ ಎಷ್ಟು?

ಕಾರಿನ ಟೈರ್‌ನಲ್ಲಿರುವ ಒತ್ತಡ ಸುಮಾರು 2.2 ಬಾರ್. ಸ್ಪರ್ಧಾ ರೈಫಲ್‌ಗಳ ಸಿಲಿಂಡರ್‌ಗೆ ಸಾಮಾನ್ಯವಾಗಿ 200 ಬಾರ್ ತುಂಬುತ್ತಾರೆ. ಅಂದರೆ ಟೈರ್‌ನ 90 ಪಟ್ಟು. ಒಳಗೋಡೆಯ ಪ್ರತಿ ಚದರ ಸೆಂಟಿಮೀಟರ್ ಮೇಲೂ ಸುಮಾರು 200 ಕೆ.ಜಿ. ಭಾರ ಹೇರಿದಂತೆ. ಪಿಸಿಪಿಯ ನಿಜವಾದ ಅಪಾಯ ನಳಿಕೆಯಲ್ಲಿ ಎಷ್ಟಿದೆಯೋ ಸಿಲಿಂಡರ್‌ನಲ್ಲೂ ಅಷ್ಟೇ ಇದೆ. ದೆಹಲಿಯ ಕರ್ಣಿ ಸಿಂಗ್ ರೇಂಜ್‌ನಲ್ಲಿ ಏರ್ ಪಿಸ್ತೂಲಿನ ಸಿಲಿಂಡರ್‌ಗೆ ಗಾಳಿ ತುಂಬುವಾಗ ಅದು ಸಿಡಿದು ಯುವ ಶೂಟರ್ ಒಬ್ಬರು ಹೆಬ್ಬೆರಳನ್ನೇ ಕಳೆದುಕೊಂಡ ಘಟನೆ ನಡೆದಿದೆ. ರಾಷ್ಟ್ರೀಯ ಮಟ್ಟದ ರೇಂಜ್‌ನಲ್ಲೇ ಹೀಗಾದರೆ ಮನೆಯಲ್ಲಿ ಎಷ್ಟು ಎಚ್ಚರ ಬೇಕೆಂದು ಊಹಿಸಬಹುದು.

ಸಿಲಿಂಡರ್ ಮೇಲೆ ತಯಾರಾದ ದಿನಾಂಕ ಮತ್ತು ಗರಿಷ್ಠ ಒತ್ತಡ ಕೊರೆದಿರುತ್ತದೆ. ಸ್ಪರ್ಧಾ ರೈಫಲ್‌ಗಳ ಪ್ರಮುಖ ತಯಾರಕರು ಸಿಲಿಂಡರ್‌ಗೆ 10 ವರ್ಷಗಳ ಅವಧಿ ನಿಗದಿ ಮಾಡಿದ್ದಾರೆ. ಅವಧಿ ಮೀರಿಲ್ಲ ಎಂದು ನೋಡಿಕೊಳ್ಳುವುದು ಶೂಟರ್‌ನ ಹೊಣೆ ಎನ್ನುತ್ತದೆ ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಷನ್‌ನ ನಿಯಮ. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಈ ದಿನಾಂಕ. ಅವಧಿ ಮುಗಿದ ಸಿಲಿಂಡರ್ ಹೊರಗಿನಿಂದ ಹೊಚ್ಚ ಹೊಸದರಂತೆ ಹೊಳೆಯುತ್ತಿರಬಹುದು.

ತುಂಬಲು ಬೇಕಾದದ್ದು ಶುದ್ಧ, ಒಣ ಗಾಳಿ. ಆಮ್ಲಜನಕ ಸಿಲಿಂಡರ್‌ನಿಂದ ತುಂಬಿದರೆ ಸ್ಫೋಟವಾಗಬಹುದು. ವಾಲ್ವ್ ಅಥವಾ ಪಂಪ್‌ಗೆ ಹೊಲಿಗೆ ಯಂತ್ರದ ಎಣ್ಣೆ, ಬೈಕ್ ಗ್ರೀಸ್ ಹಚ್ಚುವುದೂ ಅಷ್ಟೇ ಅಪಾಯ. ಗಾಳಿಯನ್ನು ಥಟ್ಟನೆ ಒತ್ತಿದಾಗ ಏಳುವ ಶಾಖಕ್ಕೆ ಎಣ್ಣೆಯ ಆವಿ ಹೊತ್ತಿಕೊಳ್ಳುತ್ತದೆ. ರಬ್ಬರ್ ಸೀಲ್‌ಗಳಿಗೆ ತಯಾರಕರು ಹೇಳಿದ ಸಿಲಿಕಾನ್ ಗ್ರೀಸ್ ಮಾತ್ರ ಬಳಸಬೇಕು.

ಕೈಪಂಪ್ ಬಳಸುವವರು ಕೆಲವು ನಿಮಿಷ ಒತ್ತಿ, ಪಂಪ್ ತಣಿಯಲು ಬಿಟ್ಟು, ಮತ್ತೆ ಮುಂದುವರಿಸಬೇಕು. ಸಮುದ್ರಕ್ಕೆ ಹತ್ತಿರದ ಸೂರತ್‌ನಲ್ಲಿ ಮಳೆಗಾಲದ ಗಾಳಿಯಲ್ಲಿ ತೇವ ಬಹಳ. ಒತ್ತಿದಾಗ ಆ ತೇವ ನೀರಾಗಿ ಸಿಲಿಂಡರ್‌ನೊಳಗೆ ಇಳಿಯುತ್ತದೆ. ವರ್ಷಗಳ ಕಾಲ ಹೀಗಾದರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ತೇವ ಹೀರುವ ಫಿಲ್ಟರ್ ಇಲ್ಲದ ಪಂಪ್ ಇಲ್ಲಿ ಬೇಡವೇ ಬೇಡ.

ಅಹಮದಾಬಾದ್‌ನ ಸಮಸ್ಯೆ ಬಿಸಿಲು. 2016ರ ಮೇ 20ರಂದು ನಗರದ ತಾಪಮಾನ 48 ಡಿಗ್ರಿ ಮುಟ್ಟಿತ್ತು. ಅಂಥ ದಿನ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಇನ್ನೂ ಹೆಚ್ಚು ಬಿಸಿ. 25 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರ್ 65 ಡಿಗ್ರಿಗೆ ಕಾದರೆ ಒತ್ತಡ ಸುಮಾರು 227 ಬಾರ್‌ಗೆ ಏರುತ್ತದೆ. ಬೇಸಿಗೆಯಲ್ಲಿ ಗರಿಷ್ಠ ಮಟ್ಟಕ್ಕೆ ತುಂಬದೆ ಸ್ವಲ್ಪ ಕಡಿಮೆಯೇ ಇಡಬೇಕು. ಕಾರಿನಲ್ಲಿ ಬಿಟ್ಟು ಹೋಗಬಾರದು.

ಕಣ್ಣಿಗೆ ಕಾಣದ ಸೀಸ

ಪೆಲೆಟ್‌ಗಳು ಸೀಸದವು. ಒಂದು ಸ್ಪರ್ಧೆಯ 60 ಹೊಡೆತವೆಂದರೆ ಸುಮಾರು 32 ಗ್ರಾಂ ಸೀಸ. 500 ಪೆಲೆಟ್‌ಗಳ ಒಂದು ಡಬ್ಬಿ ಖಾಲಿಯಾದರೆ ಮನೆಯೊಳಗೆ 265 ಗ್ರಾಂ ಸೀಸ ಬಿದ್ದಂತಾಯಿತು. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಅದರಿಂದ ಹೆಚ್ಚು ಹಾನಿ.

ಹಾಗಾಗಿ ಪೆಲೆಟ್ ಅನ್ನು ಬಾಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಬೇಡ. ಅಭ್ಯಾಸದ ನಡುವೆ ತಿಂಡಿ, ಚಹಾ ಬೇಡ. ಮುಗಿದ ಕೂಡಲೇ ಸೋಪಿನಿಂದ ಕೈ ತೊಳೆಯಬೇಕು. ಟ್ರ್ಯಾಪ್ ಸುತ್ತಲಿನ ನೆಲವನ್ನು ಪೊರಕೆಯಿಂದ ಗುಡಿಸಿದರೆ ಧೂಳು ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು ಸರಿ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ, ಮಗು ಆಡುವ ಕೋಣೆಯಲ್ಲಿ ಪೆಲೆಟ್ ಹೊಡೆಯದಿರುವುದೇ ಉತ್ತಮ.

ಗುಂಡಿಲ್ಲದೆ ಕಲಿಯುವ ಗುರಿ

ಮನೆಯ ಅಭ್ಯಾಸದಿಂದ ಹೆಚ್ಚು ಲಾಭವಾಗುವುದು ಪೆಲೆಟ್ ಇಲ್ಲದೆ ಮಾಡುವ ‘ಡ್ರೈ’ ಅಭ್ಯಾಸದಿಂದ. ಸ್ಪರ್ಧಾ ರೈಫಲ್‌ಗಳಲ್ಲಿ ಗಾಳಿ ಬಿಡದೆಯೇ ಟ್ರಿಗರ್ ಎಳೆಯುವ ವ್ಯವಸ್ಥೆ ಇರುತ್ತದೆ. ನಿಲುವು ಸರಿಮಾಡಿಕೊಳ್ಳುವುದು, ಉಸಿರು ಹಿಡಿಯುವುದು, ಗುರಿ ನಿಂತ ಕ್ಷಣದಲ್ಲಿ ಟ್ರಿಗರ್ ಎಳೆಯುವುದು, ಎಳೆದ ಮೇಲೂ ಅಲುಗದೆ ನಿಲ್ಲುವುದು ಇವೆಲ್ಲವನ್ನೂ ಬಿಳಿ ಗೋಡೆಯ ಎದುರೇ ಕಲಿಯಬಹುದು. ಡ್ರೈ ವ್ಯವಸ್ಥೆ ಇಲ್ಲದ ರೈಫಲ್‌ನಲ್ಲಿ ಹೀಗೆ ಮಾಡಬಹುದೇ ಎಂದು ತಯಾರಕರ ಕೈಪಿಡಿ ನೋಡಿಯೇ ಮುಂದುವರಿಯಬೇಕು.

ನಳಿಕೆಗೆ ಸೆನ್ಸರ್ ಅಂಟಿಸಿ, ಗುರಿಯ ಸುತ್ತ ರೈಫಲ್ ಹೇಗೆ ಓಲಾಡಿತು ಎಂಬುದನ್ನು ಕಂಪ್ಯೂಟರ್‌ನಲ್ಲಿ ತೋರಿಸುವ ತರಬೇತಿ ಸಾಧನಗಳೂ ಇವೆ. ಅವುಗಳ ಬೆಲೆ ಹೆಚ್ಚು. ಮೊದಲ ವರ್ಷ ಕನ್ನಡಿ ಮತ್ತು ಮೊಬೈಲ್ ವಿಡಿಯೊ ಸಾಕಾಗುತ್ತವೆ.

ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಡ್ರೈ ಅಭ್ಯಾಸ, ಒಂದು ದಿನ ಮನೆಯಲ್ಲಿ 30ರಿಂದ 40 ಪೆಲೆಟ್, ಒಂದು ದಿನ ಕ್ಲಬ್ ರೇಂಜ್‌ನಲ್ಲಿ ಪೂರ್ಣ 60 ಹೊಡೆತ. ಹೊಸಬರು ಇಂಥದ್ದೊಂದು ವೇಳಾಪಟ್ಟಿ ಹಾಕಿಕೊಳ್ಳಬಹುದು. ಕೊಠಡಿಗಳಲ್ಲೇ ದಿನ ಕಳೆಯಬೇಕಾದ 2020ರ ಕೊರೊನಾ ವರ್ಷದಲ್ಲಿ ಅಂತರರಾಷ್ಟ್ರೀಯ ಏರ್ ರೈಫಲ್ ಸ್ಪರ್ಧೆಯೇ ಆನ್‌ಲೈನ್‌ನಲ್ಲಿ ನಡೆದಿತ್ತು. ಬಾಂಗ್ಲಾದೇಶ ಏರ್ಪಡಿಸಿದ್ದ ಶೇಖ್ ರಸೆಲ್ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಚಿನ್ನ ಗೆದ್ದವರು ಇದೇ ಇಳವೆನಿಲ್.

ಬೀಗ, ಮಕ್ಕಳು ಮತ್ತು ಹಕ್ಕಿಗಳು

ರೈಫಲ್ ಒಂದು ಕಪಾಟಿನಲ್ಲಿ, ಪೆಲೆಟ್ ಇನ್ನೊಂದರಲ್ಲಿ. ಎರಡಕ್ಕೂ ಬೀಗ, ಕೀಲಿ ಹಿರಿಯರ ಬಳಿ. ನಳಿಕೆ ಯಾವಾಗಲೂ ಟಾರ್ಗೆಟ್ ಕಡೆಗೇ ಇರಬೇಕು. ಹೊಡೆಯದಿರುವಾಗ ಲೋಡಿಂಗ್ ಲಿವರ್ ತೆರೆದಿಟ್ಟು, ಬಣ್ಣದ ಸೇಫ್ಟಿ ಫ್ಲ್ಯಾಗ್ ಅನ್ನು ನಳಿಕೆಗೆ ತೂರಿಸಿಡಬೇಕು. ಸ್ಪರ್ಧೆಗಳಲ್ಲಿ ಇದು ಕಡ್ಡಾಯ. ಟಾರ್ಗೆಟ್ ಬದಲಿಸಲು ಹೋಗುವ ಮುನ್ನ ರೈಫಲ್ ಅನ್ನು ಕೆಳಗಿಡಬೇಕು. ಮಕ್ಕಳು ಒಬ್ಬರೇ ಇರುವಾಗ ಅಭ್ಯಾಸ ಸಲ್ಲದು.

ಬಾಲ್ಕನಿಯಲ್ಲಿ ಪಾರಿವಾಳದ ಕಾಟ, ತಾರಸಿಯಲ್ಲಿ ಮುಸುವಗಳ ಹಾವಳಿ ಈ ನಗರಗಳಲ್ಲಿ ನಿತ್ಯದ ದೂರು. ಅವುಗಳನ್ನು ಓಡಿಸಲು ಏರ್‌ಗನ್ ಎತ್ತುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ನವಿಲು ಅದರ ಮೊದಲ ಪಟ್ಟಿಯಲ್ಲಿದೆ. ಪ್ರಾಣಿಗಳನ್ನು ಕೊಲ್ಲುವುದು, ಊನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಡಿಯೂ ಅಪರಾಧ. ಪರವಾನಗಿ ಬೇಡದ ಏರ್‌ಗನ್‌ಗಳಿಂದ ಹಕ್ಕಿ ಸಂಕುಲಕ್ಕೆ ಆಗುವ ನಷ್ಟ ಕಂಡೇ ಅರುಣಾಚಲ ಪ್ರದೇಶ ಸರ್ಕಾರ 2021ರಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭಿಸಿತು. ಜನ ಸ್ವಇಚ್ಛೆಯಿಂದ ಬಂದೂಕು ಒಪ್ಪಿಸಿದರು. ಗುರಿ ಅಭ್ಯಾಸದ ಪರವಾನಗಿ ರಿಯಾಯಿತಿ ಉಳಿಯಬೇಕಾದರೆ ಶೂಟರ್‌ಗಳೇ ಈ ಶಿಸ್ತು ಪಾಲಿಸಬೇಕು.

ಕೊನೆಗೂ ಕ್ಲಬ್ ಬೇಕೇ ಬೇಕು

ಭಾರತದ ಶೂಟಿಂಗ್ ಕ್ರೀಡೆಗೂ ಈ ನಗರಗಳಿಗೂ ಹಳೆಯ ನಂಟಿದೆ. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆ ಹುಟ್ಟಲು ಕಾರಣರಾದವರಲ್ಲಿ ಮುಖ್ಯರು ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್. ಅವರು ಹುಟ್ಟಿದ್ದು ವಡೋದರಾದಲ್ಲಿ, ಬಾಳಿದ್ದು ಅಹಮದಾಬಾದ್‌ನಲ್ಲಿ. ರಾಷ್ಟ್ರೀಯ ಮಟ್ಟಕ್ಕೆ ಏರುವ ಹಾದಿಯಲ್ಲಿ ಬರುವ ಅಖಿಲ ಭಾರತ ಶೂಟಿಂಗ್ ಚಾಂಪಿಯನ್‌ಷಿಪ್‌ಗೆ ಇಂದಿಗೂ ಅವರದೇ ಹೆಸರು. ಅಹಮದಾಬಾದ್‌ನ ಖಾನ್‌ಪುರದಲ್ಲಿ ಸಾಬರಮತಿ ದಂಡೆಯ ಬಳಿ ರೈಫಲ್ ಕ್ಲಬ್ ಇದೆ. ಲಂಡನ್ ಒಲಿಂಪಿಕ್ಸ್ ಕಂಚು ವಿಜೇತ ಗಗನ್ ನಾರಂಗ್ ಅವರ ಅಕಾಡೆಮಿಯಲ್ಲೇ ಇಳವೆನಿಲ್ ಪಳಗಿದ್ದು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯವೂ ಅಹಮದಾಬಾದ್‌ಗೆ ಸಿಕ್ಕಿದೆ.

ಮನೆಯಲ್ಲಿ ಎಷ್ಟೇ ಹೊಡೆದರೂ ಸ್ಪರ್ಧೆಗೆ ಇಳಿಯಲು ಜಿಲ್ಲಾ ಅಥವಾ ರಾಜ್ಯ ರೈಫಲ್ ಸಂಸ್ಥೆಯ ಮೂಲಕವೇ ಹೋಗಬೇಕು. ತಪ್ಪು ನಿಲುವನ್ನು ತಿದ್ದಲು ತರಬೇತುದಾರರ ಕಣ್ಣು ಬೇಕು. ನಿಜವಾದ 10 ಮೀಟರ್, ನಿಜವಾದ ಅಂಕ, ಪಕ್ಕದಲ್ಲಿ ನಿಂತ ಎದುರಾಳಿಯ ಒತ್ತಡ ಸಿಗುವುದು ಅಲ್ಲೇ.

ಆದ್ದರಿಂದ ಹೊಸಬರಿಗೆ ಅನುಭವಿಗಳು ಹೇಳುವ ಕ್ರಮ ಇಷ್ಟೇ: ಮೊದಲು ಕ್ಲಬ್‌ಗೆ ಸೇರಿ, ಅಲ್ಲಿನ ರೈಫಲ್‌ನಲ್ಲೇ ಕೆಲವು ತಿಂಗಳು ಕಲಿಯಿರಿ. ಆಸಕ್ತಿ ಗಟ್ಟಿಯಾದ ಮೇಲೆ ಸ್ವಂತ ರೈಫಲ್ ಕೊಳ್ಳಿ. ಅದು ಮನೆಗೆ ಬರುವ ಮುನ್ನ ಟ್ರ್ಯಾಪ್, ಬೀಗ, ಕನ್ನಡಕ ಮನೆಯಲ್ಲಿರಲಿ. ಟ್ರ್ಯಾಪ್ ಇಡುವ ಗೋಡೆಯ ಆಚೆ ಏನಿದೆ, ಯಾರಿದ್ದಾರೆ ಎಂದು ಒಮ್ಮೆ ಸುತ್ತಿ ಹೋಗಿ ಕಣ್ಣಾರೆ ನೋಡಿ ಬನ್ನಿ. ಸಮಾಧಾನವಾಗದಿದ್ದರೆ ಮನೆಯಲ್ಲಿ ಡ್ರೈ ಅಭ್ಯಾಸವಷ್ಟೇ ಇರಲಿ, ಪೆಲೆಟ್ ರೇಂಜ್‌ಗೆ ಮೀಸಲಾಗಲಿ.